ಸ್ವವಿಷದಿಂದ ಸ್ವರಕ್ಷಣೆ: ಪ್ರತಿಜೀವಕೋತ್ಪಾದಕ ಬ್ಯಾಕ್ಟೀರಿಯಗಳನ್ನು ಕುರಿತ ಒಂದು ಪ್ರಶ್ನೆಯ ಇತಿಹಾಸ

ಪ್ರತಿಜೀವಕ ಔಷಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಮೊದಲು 1928ರಲ್ಲಿ ಫ್ಲೆಮಿಂಗರು ಕಂಡ ಬೂಷ್ಟು. ಬಳಿಕ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ನಿನ ಶುದ್ಧೀಕರಣ. ಅನಂತರ ನ್ಯೂಜರ್ಸಿಯ ಮಣ್ಣಿನಿಂದ ದೊರೆತ ಸ್ಟ್ರೆಪ್ಟೊಮೈಸಿನ್. ಕಟ್ಟಕಡೆಗೆ ಮದ್ದಿಗೆ ಬಗ್ಗದ ರೋಗಾಣುಗಳ ಉದಯ. ಈ ಕ್ರಮದಲ್ಲಿ ಔಷಧವೇ ಕಾರಣ, ಪ್ರತಿರೋಧವು ಅದರ ಪರಿಣಾಮ. ಆದರೆ ಈ ಕಥನದ ಮೊದಲ ಅಧ್ಯಾಯದಲ್ಲಿಯೇ ಏಳಬೇಕಾಗಿದ್ದ ಪ್ರಶ್ನೆಯೊಂದು ಬಹುಕಾಲ ಏಳದೆ ಉಳಿಯಿತು. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುವ ವಸ್ತು. ಅದನ್ನು ತಯಾರಿಸುವುದೂ ಒಂದು ಬ್ಯಾಕ್ಟೀರಿಯವೇ. ಹಾಗಿದ್ದಲ್ಲಿ ಅದು ತಾನೇ ತಯಾರಿಸಿದ ವಿಷದಿಂದ ಸಾಯದೆ ಬದುಕಿರುವುದು ಹೇಗೆ?

ಈ ಪ್ರಶ್ನೆಗೆ ದೊರೆತ ಉತ್ತರಗಳು ಔಷಧ-ಪ್ರತಿರೋಧದ ಕಾಲಗಣನೆಯನ್ನೇ ಬದಲಾಯಿಸಿದುವೆಂಬುದನ್ನು ತೋರಿಸುವುದೂ, ಆ ಬದಲಾವಣೆಯನ್ನು ಎಲ್ಲಿಯವರೆಗೆ ಒಪ್ಪಬಹುದೆಂಬುದನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ. ನಾವು ಜೀವವಿಜ್ಞಾನಿಗಳಲ್ಲ. ಆದರೆ ಯಾವುದು ಮೊದಲು, ಯಾವುದು ಅನಂತರ, ಯಾವುದರಿಂದ ಯಾವುದು ಬಂದಿತು ಎಂಬ ವಿಚಾರವು ಚರಿತ್ರೆಯನ್ನು ಅಭ್ಯಸಿಸುವವರಿಗೆ ಪರಕೀಯವಾದುದಲ್ಲ.

ಪ್ರಶ್ನೆ ತಡವಾಗಿ ಎದ್ದುದಕ್ಕೆ ಕಾರಣಗಳಿಲ್ಲದೆ ಇಲ್ಲ. ಮೊದಲನೆಯದಾಗಿ, ಪೆನಿಸಿಲಿನ್ನಿನ ವಿಷಯದಲ್ಲಿ ಅದು ಏಳುವಂತೆಯೇ ಇರಲಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಗಳ ಕೋಶಭಿತ್ತಿಯ ರಚನೆಯನ್ನು ಕೆಡಿಸುತ್ತದೆ. ಅದನ್ನು ತಯಾರಿಸುವ ಬೂಷ್ಟು ಶಿಲೀಂಧ್ರವರ್ಗಕ್ಕೆ ಸೇರಿದುದಾದ್ದರಿಂದ ಅದಕ್ಕೆ ಆ ಬಗೆಯ ಭಿತ್ತಿಯೇ ಇಲ್ಲ. ಇಲ್ಲದ ಗೋಡೆಯನ್ನು ಯಾರು ಕೆಡವಬಲ್ಲರು? ಎರಡನೆಯದಾಗಿ, ಸ್ಟ್ರೆಪ್ಟೊಮೈಸಿಸ್ ಮೊದಲಾದ ಮಣ್ಣಿನ ಜೀವಿಗಳು ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆದು ಬೀಜಕಗಳನ್ನು ಬಿಡುವುದರಿಂದ ಅವುಗಳನ್ನು ಬಹಳ ಕಾಲ ಶಿಲೀಂಧ್ರಗಳಿಗೂ ಬ್ಯಾಕ್ಟೀರಿಯಗಳಿಗೂ ನಡುವಣ ವರ್ಗವೆಂದು ಎಣಿಸಲಾಗುತ್ತಿತ್ತು. 1950ರ ದಶಕದಲ್ಲಿ ಅವುಗಳ ಕೋಶಭಿತ್ತಿಯ ರಾಸಾಯನಿಕ ಪರೀಕ್ಷೆಯೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅವಲೋಕನಗಳೂ ನಡೆದ ಮೇಲೆಯೇ ಅವು ನಿಸ್ಸಂದೇಹವಾಗಿ ಬ್ಯಾಕ್ಟೀರಿಯಗಳೆಂದು ಸ್ಥಿರಪಟ್ಟುದು. ತಾನು ಕೊಲ್ಲುವ ಜೀವಿಗಳ ಕುಲಕ್ಕೇ ಕೊಲ್ಲುವವನೂ ಸೇರಿದವನೆಂದು ತಿಳಿಯದಿರುವಾಗ, ಅವನು ಬದುಕಿರುವುದರಲ್ಲಿ ಯಾರಿಗೂ ಆಶ್ಚರ್ಯ ತೋರುವುದಿಲ್ಲ.

ಮೂರನೆಯ ಕಾರಣವು ಪ್ರಯೋಗಶಾಲೆಯ ಒಳಗಿನದು. ರಟ್ಗರ್ಸ್‌ನಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ನರ ಪ್ರಯೋಗಶಾಲೆಯು 1940ರಲ್ಲಿ ಆಕ್ಟಿನೊಮೈಸಿನ್ನನ್ನೂ 1942ರಲ್ಲಿ ಸ್ಟ್ರೆಪ್ಟೊತ್ರೈಸಿನ್ನನ್ನೂ ಹೊರತಂದಿತ್ತು. 1943ರ ಅಕ್ಟೋಬರಿನಲ್ಲಿ ಆಲ್ಬರ್ಟ್ ಶಾಟ್ಸ್ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ ಎಂಬ ಜೀವಿಯ ಎರಡು ತಳಿಗಳನ್ನು ಬೇರ್ಪಡಿಸಿದರು. ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ಬಂದುದು, ಇನ್ನೊಂದು ಕೋಳಿಯ ಗಂಟಲಿನಿಂದ ತೆಗೆದುದು. 1944ರ ಜನವರಿಯಲ್ಲಿ ಶಾಟ್ಸ್, ಎಲಿಜಬೆತ್ ಬ್ಯೂಗಿ, ವ್ಯಾಕ್ಸ್‌ಮನ್ ಈ ಮೂವರ ಹೆಸರಿನಲ್ಲಿ ಸ್ಟ್ರೆಪ್ಟೊಮೈಸಿನ್ನಿನ ಪ್ರಕಟಣೆ ಹೊರಬಂದಿತು. ಅಲ್ಲಿಂದ ಮುಂದೆ ಇಳುವರಿಯನ್ನು ಹೆಚ್ಚಿಸುವುದು, ಹೊಸ ಔಷಧಗಳನ್ನು ಹುಡುಕುವುದು ಇವೇ ಮುಖ್ಯವಾದುವು. (ಕೀರ್ತಿ ಮತ್ತು ಲಾಭಾಂಶಗಳಿಗಾಗಿ ಶಾಟ್ಸ್ 1950ರಲ್ಲಿ ತಮ್ಮ ಗುರುವಿನ ಮೇಲೆಯೇ ದಾವೆ ಹೂಡಿದುದೂ, 1952ರ ನೊಬೆಲ್ ಪಾರಿತೋಷಕವು ವ್ಯಾಕ್ಸ್‌ಮನ್ನರೊಬ್ಬರಿಗೇ ಸಂದುದೂ ಬೇರೆಯೇ ಕಥೆ.) ಔಷಧವನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡ ತಳಿಗಳು ಅದೇ ಔಷಧಕ್ಕೆ ಬಲಿಯಾಗುತ್ತವೆಂಬ ಸಂಗತಿಯನ್ನು ಆ ಪ್ರಯೋಗಶಾಲೆಯವರು ಆ ದಶಕದಲ್ಲಿಯೇ ಗಮನಿಸಿದ್ದರು. ಉತ್ಪಾದನೆಯೂ ಆತ್ಮರಕ್ಷಣೆಯೂ ಒಂದೇ ಗಂಟಿನಲ್ಲಿ ಕಟ್ಟಿದಂತಿವೆ ಎಂಬ ಮಹತ್ತ್ವದ ಸೂಚನೆ ಅದರಲ್ಲಿ ಅಡಗಿತ್ತು. ಆದರೆ ಆ ಸಂಗತಿಯು ಒಳ್ಳೆಯ ತಳಿಯನ್ನು ಕೆಟ್ಟ ತಳಿಯಿಂದ ಬೇರ್ಪಡಿಸುವ ಉಪಾಯವಾಗಿ ಬಳಕೆಯಾಯಿತೇ ಹೊರತು ತಾನೇ ಒಂದು ಸಮಸ್ಯೆಯೆಂದು ಪರಿಗಣಿತವಾಗಲಿಲ್ಲ.

ಆ ವೇಳೆಗೆ ಪ್ರತಿರೋಧವನ್ನು ಕುರಿತ ಚಿಂತನೆ ಬೇರೊಂದು ದಾರಿ ಹಿಡಿದಿತ್ತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನಡೆಸಿದ ಪ್ರಸಿದ್ಧ ಪರೀಕ್ಷೆಯ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಯಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಬರಿಯ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿಯೂ ತೀರಿಕೊಂಡಿದ್ದರು. ಔಷಧದ ಗುಣ ಸಿದ್ಧವಾಯಿತು. ಆದರೆ ಔಷಧ ಪಡೆದವರಲ್ಲಿ ಅನೇಕರ ಕಫದಲ್ಲಿ ಸ್ಟ್ರೆಪ್ಟೊಮೈಸಿನ್ನಿಗೆ ಬಗ್ಗದ ಕ್ಷಯಾಣುಗಳು ಕಾಣಿಸಿಕೊಂಡುವು. ಐದು ವರ್ಷಗಳ ಬಳಿಕ ಎರಡು ಗುಂಪುಗಳ ನಡುವಣ ಅಂತರ ಬಹುಮಟ್ಟಿಗೆ ಕುಗ್ಗಿಹೋಗಿತ್ತು. ಇಲ್ಲಿ ನಡೆದುದು ಆಕಸ್ಮಿಕವಾದ ಉತ್ಪರಿವರ್ತನೆ: ಕೋಟ್ಯಂತರ ಕ್ಷಯಾಣುಗಳಲ್ಲಿ ಎಲ್ಲೋ ಒಂದೆರಡು ಮಾರ್ಪಟ್ಟು ಉಳಿದುವು, ಔಷಧವು ಉಳಿದವನ್ನೆಲ್ಲ ಕೊಂದು ಅವಕ್ಕೆ ದಾರಿ ತೆರವು ಮಾಡಿತು. ಔಷಧ ಮೊದಲು, ಪ್ರತಿರೋಧ ಅನಂತರ ಎಂಬ ಕ್ರಮವು ಈ ಉದಾಹರಣೆಯಿಂದ ಗಟ್ಟಿಯಾಗಿ ನಿಂತಿತು.

ಆದರೂ ಅದಕ್ಕೆ ವಿರುದ್ಧವಾದ ಸಾಕ್ಷ್ಯವೊಂದು ಆರಂಭದಿಂದಲೂ ಕಣ್ಣೆದುರಿಗೇ ಇತ್ತು. ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದು ಬ್ಯಾಕ್ಟೀರಿಯದಲ್ಲಿರುವುದನ್ನು ವರದಿ ಮಾಡಿದುದು 1940ರ ಡಿಸೆಂಬರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಮೊದಲ ರೋಗಿಗೆ ಪೆನಿಸಿಲಿನ್ ಚಿಕಿತ್ಸೆ ಆರಂಭವಾದುದು 1941ರ ಫೆಬ್ರವರಿಯಲ್ಲಿ. ಔಷಧಕ್ಕೆ ಎದುರಾದ ಅಸ್ತ್ರವು ಔಷಧದ ಚಿಕಿತ್ಸೆಗಿಂತ ಮೊದಲೇ ದಾಖಲೆಯಾಗಿದೆ. ಈ ಎರಡು ತೇದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರು ಬಹು ವಿರಳ.

ಉತ್ಪರಿವರ್ತನೆಯಿಂದ ವಿವರಿಸಲಾಗದ ಪ್ರತಿರೋಧವು ಜಪಾನಿನಲ್ಲಿ ತಲೆಯೆತ್ತಿತು. ಯುದ್ಧಾನಂತರ ಅಲ್ಲಿ ಹರಡಿದ್ದ ರಕ್ತಭೇದಿಯ ರೋಗಾಣುಗಳಲ್ಲಿ, ಏಕಕಾಲಕ್ಕೆ ಮೂರುನಾಲ್ಕು ಔಷಧಗಳನ್ನು ಎದುರಿಸುವ ತಳಿಗಳು 1950ರ ದಶಕದಲ್ಲಿ ಹೆಚ್ಚಿದುವು. ಈ ಸಾಮರ್ಥ್ಯವು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಸ್ಪರ್ಶಮಾತ್ರದಿಂದ ದಾಟಬಲ್ಲುದೆಂದು 1959ರಲ್ಲಿ ಓಚಿಯಾಯಿ ಮತ್ತು ಆಕಿಬಾ ಇವರ ತಂಡಗಳು ತೋರಿಸಿಕೊಟ್ಟುವು. ತ್ಸುತೋಮು ವತನಾಬೆ 1963ರಲ್ಲಿ ಬರೆದ ಸಮೀಕ್ಷೆಯಿಂದ ಇದು ಪಾಶ್ಚಾತ್ಯರ ಗಮನಕ್ಕೆ ಬಂದಿತು. 1965ರಲ್ಲಿ ಒಕಾಮೊಟೊ ಮತ್ತು ಸುಜುಕಿ ಇದರ ಒಳಗುಟ್ಟನ್ನು ಹೊರಗೆಡವಿದರು. ಈ ರೋಗಾಣುಗಳಲ್ಲಿ ಔಷಧದ ಅಣುವಿಗೆ ಒಂದು ಸಣ್ಣ ರಾಸಾಯನಿಕ ಗುಂಪನ್ನು ಅಂಟಿಸಿ ಅದನ್ನು ನಿರುಪಯುಕ್ತ ಮಾಡುವ ಕಿಣ್ವಗಳಿದ್ದುವು. ಉತ್ಪರಿವರ್ತನೆಯೆಂದರೆ ಇದ್ದುದು ಕೆಡುವುದು ಅಥವಾ ತುಸು ಬದಲಾಗುವುದು. ಇಲ್ಲಿ ಕಂಡುದು ಹಾಗಲ್ಲ; ಪೂರ್ಣವಾಗಿ ರೂಪುಗೊಂಡ, ಒಂದು ನಿರ್ದಿಷ್ಟ ಅಣುವಿಗಾಗಿಯೇ ತಿದ್ದಿ ತೀಡಿದಂತಿದ್ದ ಉಪಕರಣ. ಹತ್ತಿಪ್ಪತ್ತು ವರ್ಷಗಳ ಔಷಧಸೇವನೆಯಿಂದ ಇಂಥದು ಹುಟ್ಟಿತೆಂಬುದನ್ನು ನಂಬುವುದು ಕಷ್ಟ. ಹಾಗಾದರೆ ಇದು ಎಲ್ಲಿಂದ ಬಂದಿತು?

ಇಲ್ಲಿಯೇ ಹಳೆಯ ಪ್ರಶ್ನೆ ಮರಳಿ ಎದುರಾದುದು. ಸ್ಟ್ರೆಪ್ಟೊಮೈಸಿನ್ನನ್ನು ತಯಾರಿಸುವ ತಳಿಗಳ ಸಾರದಲ್ಲಿ ಆ ಔಷಧಕ್ಕೆ ಫಾಸ್ಫೇಟನ್ನು ಅಂಟಿಸುವ ಕಿಣ್ವವಿರುವುದನ್ನು ಮಿಲ್ಲರ್ ಮತ್ತು ವಾಕರ್ 1969ರಲ್ಲಿ ವರದಿ ಮಾಡಿದ್ದರು. 1973ರಲ್ಲಿ ವಿಸ್ಕಾನ್ಸಿನ್ನಿನ ರಾವುಲ್ ಬೆನ್ವೆನಿಸ್ಟೆ ಮತ್ತು ಜೂಲಿಯನ್ ಡೇವಿಸ್ ಇನ್ನೂ ಮುಂದೆ ಹೋಗಿ, ಆಸ್ಪತ್ರೆಯ ರೋಗಾಣುಗಳಲ್ಲಿ ಕಂಡಿದ್ದ ಕಿಣ್ವಗಳಂತೆಯೇ ಕೆಲಸ ಮಾಡುವ ಕಿಣ್ವಗಳು ಕನಾಮೈಸಿನ್ ಮೊದಲಾದುವನ್ನು ತಯಾರಿಸುವ ಮಣ್ಣಿನ ಬ್ಯಾಕ್ಟೀರಿಯಗಳಲ್ಲಿಯೂ ಇವೆಯೆಂದು ತೋರಿಸಿ, ರೋಗಾಣುಗಳ ಅಸ್ತ್ರಗಳ ಮೂಲವು ಈ ಉತ್ಪಾದಕಗಳಲ್ಲಿಯೇ ಇರಬಹುದೆಂದು ಸೂಚಿಸಿದರು. ಯಾವುದನ್ನು ಆಸ್ಪತ್ರೆಯಲ್ಲಿ ಪ್ರತಿರೋಧವೆಂದು ಕರೆಯುತ್ತಿದ್ದರೋ ಅದು ಮಣ್ಣಿನಲ್ಲಿ ಔಷಧ ತಯಾರಕನ ಆತ್ಮರಕ್ಷಣೆಯಾಗಿತ್ತು. ಔಷಧವೂ ಅದರ ಪ್ರತ್ಯಸ್ತ್ರವೂ ಒಂದೇ ಮನೆಯಲ್ಲಿ ಬೆಳೆದುವು.

ಈ ಸೂಚನೆಯ ಬಲಾಬಲಗಳನ್ನು ತೂಗುವುದಕ್ಕೆ ಮುನ್ನ ಆತ್ಮರಕ್ಷಣೆಯ ವಿಧಾನಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಇವು ಒಂದೇ ಬಗೆಯವಲ್ಲ.

ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯದ ರೈಬೋಸೋಮಿಗೆ, ಎಂದರೆ ಪ್ರೋಟೀನುಗಳನ್ನು ಕಟ್ಟುವ ಕಣಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಪ್ಪಿಸುತ್ತದೆ. ಗ್ರೀಸಿಯಸ್ಸಿನ ರೈಬೋಸೋಮೂ ಈ ವಿಷಕ್ಕೆ ಹೊರತಾದುದಲ್ಲ. ಆದ್ದರಿಂದ ಅದು ತನ್ನ ಕೋಶದೊಳಗೆ ನಿಜವಾದ ಸ್ಟ್ರೆಪ್ಟೊಮೈಸಿನ್ನನ್ನು ತಯಾರಿಸುವುದೇ ಇಲ್ಲ. ತಯಾರಿಕೆಯ ಕೊನೆಯ ಹಂತಗಳು ಫಾಸ್ಫೇಟಿನ ಬೀಗ ಹಾಕಿದ ರೂಪದಲ್ಲಿಯೇ ನಡೆಯುತ್ತವೆ. ಹೀಗೆ ಬೀಗ ಬಿದ್ದ, ನಿರಪಾಯಕಾರಿಯಾದ ಅಣುವನ್ನು ಹೊರಗೆ ಕಳುಹಿಸಿದ ಮೇಲೆ, ಕೋಶದ ಹೊರಗಿರುವ ಮತ್ತೊಂದು ಕಿಣ್ವವು ಫಾಸ್ಫೇಟನ್ನು ಕಳಚುತ್ತದೆ. ಆಗ ಅದು ವಿಷವಾಗುತ್ತದೆ. ಹೊರಗಿನಿಂದ ಒಳಕ್ಕೆ ನುಸುಳಿದ ಅಣುಗಳಿಗೆ ಒಳಗಿನ ಕಿಣ್ವವು ಪುನಃ ಬೀಗ ಹಾಕುತ್ತದೆ. ಹಾಲಾಹಲವನ್ನು ಕಂಠದಲ್ಲಿ ಧರಿಸಿದ ನೀಲಕಂಠನ ಹೋಲಿಕೆ ಇಲ್ಲಿ ಥಟ್ಟನೆ ನೆನಪಿಗೆ ಬರುವುದಾದರೂ ಅದು ಹೊಂದುವುದಿಲ್ಲ. ಈ ಜೀವಿ ವಿಷವನ್ನು ಧರಿಸುವುದಿಲ್ಲ, ಹೊಸ್ತಿಲಿನ ಹೊರಗೆ ಹೋಗುವವರೆಗೂ ಅದನ್ನು ವಿಷವಾಗಲು ಬಿಡುವುದಿಲ್ಲ.

ಕಾಲದ ಹೊಂದಾಣಿಕೆಯೂ ಇಲ್ಲಿ ಗಮನಾರ್ಹ. ರಕ್ಷಣೆ ಸಿದ್ಧವಾಗುವುದಕ್ಕೆ ಮೊದಲೇ ತಯಾರಿಕೆ ಆರಂಭವಾದರೆ ಜೀವಿಗೆ ಉಳಿವಿಲ್ಲ. ಸೋವಿಯತ್ ವಿಜ್ಞಾನಿ ಖೋಖ್ಲೋವ್ ಮತ್ತು ಅವರ ಸಂಗಡಿಗರು 1967ರಲ್ಲಿ ವರ್ಣಿಸಿದ ‘ಎ-ಅಂಶ’ವೆಂಬ ಪುಟ್ಟ ಸಂಕೇತಾಣುವು ಗ್ರೀಸಿಯಸ್ಸಿನಲ್ಲಿ ಔಷಧದ ತಯಾರಿಕೆಯನ್ನು ಪ್ರಾರಂಭಿಸುತ್ತದೆ. ಮುಂದೆ ಟೋಕಿಯೋದಲ್ಲಿ ಬೆಪ್ಪು ಮತ್ತು ಹೊರಿನೌಚಿ ನಡೆಸಿದ ಸಂಶೋಧನೆಗಳಿಂದ, ತಯಾರಿಕೆಯನ್ನು ನಡೆಸುವ ವಂಶವಾಹಿಯೂ ಬೀಗದ ಕಿಣ್ವದ ವಂಶವಾಹಿಯೂ ಅಕ್ಕಪಕ್ಕದಲ್ಲಿದ್ದು ಒಂದೇ ಆಜ್ಞೆಗೆ ಓಗೊಡುತ್ತವೆಂಬುದು ತಿಳಿದುಬಂದಿತು. ತಯಾರಿಕೆಯನ್ನು ಕಳೆದುಕೊಂಡ ತಳಿಗಳು ರಕ್ಷಣೆಯನ್ನೂ ಕಳೆದುಕೊಳ್ಳುತ್ತಿದ್ದುದೇಕೆಂಬ 1940ರ ದಶಕದ ಸಂಗತಿಗೆ ಇದರಿಂದ ಅರ್ಥ ದೊರೆಯಿತು. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಇನ್ನೊಂದು ಜೀವಿಯಲ್ಲಿ ಮುಂಜಾಗ್ರತೆ ಇನ್ನೂ ಸೂಕ್ಷ್ಮವಾದುದು. ಅದು ತಯಾರಿಸುವ ನೀಲಿ ಬಣ್ಣದ ಆಕ್ಟಿನೊರೋಡಿನ್ ಪೂರ್ಣಗೊಳ್ಳುವ ಮೊದಲೇ, ಅದರ ಅರೆಬರೆ ರೂಪಗಳೇ ಹೊರದೂಡುವ ಪಂಪನ್ನು ಎಚ್ಚರಿಸುತ್ತವೆಂದು 2007ರಲ್ಲಿ ಕೆನಡಾದ ಸಂಶೋಧಕರು ತೋರಿಸಿದ್ದಾರೆ.

ಎರಡನೆಯ ವಿಧಾನವು ವಿಷವನ್ನು ಮುಟ್ಟದೆ ಅದರ ಗುರಿಯನ್ನೇ ಮಾರ್ಪಡಿಸುವುದು. ಲೆಸ್ಟರಿನ ಎರಿಕ್ ಕಂಡ್ಲಿಫ್ 1978ರಲ್ಲಿ ಥಯೋಸ್ಟ್ರೆಪ್ಟಾನ್ ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಅಜ್ಯೂರಿಯಸ್ಸಿನಲ್ಲಿ ಇದನ್ನು ಸ್ಪಷ್ಟಪಡಿಸಿದರು. ಈ ಜೀವಿಯ ಕಿಣ್ವವೊಂದು ರೈಬೋಸೋಮಿನ ಆರ್‌ಎನ್‌ಎಯ ಒಂದೇ ಒಂದು ಸ್ಥಾನದಲ್ಲಿ ಒಂದು ಮೀಥೈಲ್ ಗುಂಪನ್ನು ಸೇರಿಸುತ್ತದೆ. ಅಷ್ಟರಿಂದಲೇ ಔಷಧಕ್ಕೆ ಅಂಟಿಕೊಳ್ಳಲು ಎಡೆಯಿಲ್ಲದಾಗುತ್ತದೆ. ನಾರ್ವಿಚ್ಚಿನಲ್ಲಿ ಡೇವಿಡ್ ಹಾಪ್‌ವುಡ್ಡರ ತಂಡದವರು 1980ರಲ್ಲಿ ಇದರ ವಂಶವಾಹಿಯನ್ನು ಬೇರ್ಪಡಿಸಿ ಮತ್ತೊಂದು ಸ್ಟ್ರೆಪ್ಟೊಮೈಸಿಸ್ಸಿಗೆ ಸೇರಿಸಿದಾಗ ಅದೂ ಥಯೋಸ್ಟ್ರೆಪ್ಟಾನನ್ನು ಎದುರಿಸಿತು. ಎರಿತ್ರೋಮೈಸಿನ್ನಿನ ಉತ್ಪಾದಕವು ಮಾಡುವುದೂ ಇದೇ ಜಾತಿಯ ಉಪಾಯವನ್ನು. ಬರ್ನಾರ್ಡ್ ವೈಸ್‌ಬ್ಲಂ ಈ ಮೀಥೈಲೀಕರಣವನ್ನು ಮೊದಲು ಗುರುತಿಸಿದುದು 1971ರಲ್ಲಿ, ರೋಗಕಾರಕ ಸ್ಟಾಫಿಲೊಕಾಕಸ್ಸಿನಲ್ಲಿ. ಉತ್ಪಾದಕಗಳಲ್ಲಿ ಅದೇ ಗುರುತು ಕಂಡುದು 1979ರಲ್ಲಿ. ಕಳುವಾದ ವಸ್ತು ಮೊದಲು ಸಿಕ್ಕಿ, ಒಡೆಯನು ಅನಂತರ ಪತ್ತೆಯಾದಂತೆ ಇದು. ಕಂಡ್ಲಿಫ್ 1989ರ ತಮ್ಮ ಸಮೀಕ್ಷೆಯ ಶೀರ್ಷಿಕೆಯಲ್ಲಿ ‘ಆತ್ಮಹತ್ಯೆ’ ಎಂಬ ಶಬ್ದವನ್ನು ಬಳಸಿ, ಉತ್ಪಾದಕ ಜೀವಿಗಳು ಅದನ್ನು ತಪ್ಪಿಸಿಕೊಳ್ಳುವುದು ಹೇಗೆಂಬುದನ್ನೇ ವಿಷಯವಾಗಿ ಎತ್ತಿಕೊಂಡರು. ಈ ಪ್ರಶ್ನೆಯು ಸ್ವತಂತ್ರವಾದೊಂದು ಅಧ್ಯಯನವಿಷಯವಾಗಿ ಅಷ್ಟರಲ್ಲಿ ನೆಲೆಗೊಂಡಿತ್ತೆಂಬುದಕ್ಕೆ ಇದನ್ನು ನಿದರ್ಶನವಾಗಿ ಹಿಡಿಯಬಹುದು.

ಯಾವ ರಕ್ಷಣೆಯೂ ಬೇಡವಾದ ಉತ್ಪಾದಕಗಳೂ ಉಂಟು. ಇದಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ನಡೆಸಿ, ಮುಂದೆ ಪುಣೆಯ ಸಮೀಪದ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದ ಹ್ಯಾಮೈಸಿನ್, ಶಿಲೀಂಧ್ರಗಳನ್ನು ಕೊಲ್ಲುವ ಔಷಧ. ಅದನ್ನು ತಯಾರಿಸುವ ಸ್ಟ್ರೆಪ್ಟೊಮೈಸಿಸ್‌ಗೆ ಊರಿನ ಹೆಸರನ್ನೇ ಇಟ್ಟು ಪಿಂಪ್ರಿನ ಎಂದು ಕರೆಯಲಾಯಿತು. ಈ ವರ್ಗದ ಔಷಧಗಳ ಗುರಿ ಶಿಲೀಂಧ್ರಗಳ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲ್. ಸ್ಟ್ರೆಪ್ಟೊಮೈಸಿಸ್‌ನ ಪೊರೆಯಲ್ಲಿ ಅದಿಲ್ಲ. ಪೆನಿಸಿಲಿನ್ನಿನ ಬೂಷ್ಟಿನ ಸ್ಥಿತಿಯೇ ಇಲ್ಲಿ ತಿರುವುಮುರುವಾಗಿದೆ.

ಇನ್ನು ಮೂಲದ ವಿಚಾರ. ಎರಡು ಶಾಸನಗಳ ಒಕ್ಕಣೆಯಲ್ಲಿ ಸಾಮ್ಯವಿದೆಯೆಂದ ಮಾತ್ರಕ್ಕೆ ಒಂದು ಇನ್ನೊಂದರ ಪ್ರತಿಯೆಂದು ನಾವು ಹೇಳುವುದಿಲ್ಲ; ಎರಡಕ್ಕೂ ಸಮಾನವಾದ ಮೂಲವಿರಬಹುದು, ಅಥವಾ ಒಂದೇ ಅಗತ್ಯದಿಂದ ಒಂದೇ ಒಕ್ಕಣೆ ಎರಡು ಕಡೆ ಹುಟ್ಟಿರಬಹುದು. 1973ರ ಸಾಕ್ಷ್ಯಕ್ಕೆ ಈ ಆಕ್ಷೇಪವು ಸಲ್ಲುತ್ತದೆ. ಅಲ್ಲಿ ಕಂಡುದು ಕಾರ್ಯದ ಸಾಮ್ಯ ಮಾತ್ರ. ಆದರೆ ವ್ಯಾಂಕೊಮೈಸಿನ್ನಿನ ಸಾಕ್ಷ್ಯ ಇದಕ್ಕಿಂತ ಬಲವಾದುದು. ಬೋರ್ನಿಯೋದ ಮಣ್ಣಿನಿಂದ ದೊರೆತ ಜೀವಿಯೊಂದರಿಂದ ಬಂದ ಈ ಔಷಧ 1958ರಲ್ಲಿ ಬಳಕೆಗೆ ಬಂದಿತು. ಕೋಶಭಿತ್ತಿಯನ್ನು ಕಟ್ಟುವ ಸರಪಣಿಯ ತುದಿಯಲ್ಲಿರುವ ಎರಡು ಅಲನಿನ್‌ಗಳನ್ನು ಅದು ಹಿಡಿದುಕೊಂಡು ಕಟ್ಟಡವನ್ನು ನಿಲ್ಲಿಸುತ್ತದೆ. ಸುಮಾರು ಮೂವತ್ತು ವರ್ಷಗಳವರೆಗೆ ಅದಕ್ಕೆ ಗಂಭೀರವಾದ ಪ್ರತಿರೋಧ ಕಾಣಲಿಲ್ಲ. 1988ರಲ್ಲಿ ಕರುಳಿನ ಎಂಟರೊಕಾಕಸ್ಸುಗಳಲ್ಲಿ ಅದು ವರದಿಯಾಯಿತು. ಈ ರೋಗಾಣುಗಳು ಕೊನೆಯ ಅಲನಿನ್ನಿನ ಬದಲು ಲ್ಯಾಕ್ಟೇಟನ್ನು ಇಡುತ್ತವೆ. ಇದಕ್ಕೆ ಮೂರು ವಂಶವಾಹಿಗಳು ಬೇಕು: ಒಂದು ಲ್ಯಾಕ್ಟೇಟನ್ನು ತಯಾರಿಸಲು, ಒಂದು ಅದನ್ನು ಜೋಡಿಸಲು, ಒಂದು ಹಳೆಯ ಜೋಡಿಯನ್ನು ಮುರಿಯಲು. 1998ರಲ್ಲಿ ಕೆನಡಾದ ಜೆರಾರ್ಡ್ ರೈಟ್ ಮತ್ತು ಸಂಗಡಿಗರು, ವ್ಯಾಂಕೊಮೈಸಿನ್ ವರ್ಗದ ಔಷಧಗಳನ್ನು ತಯಾರಿಸುವ ಬ್ಯಾಕ್ಟೀರಿಯಗಳಲ್ಲಿ ಇದೇ ಮೂರು ವಂಶವಾಹಿಗಳು ಇದೇ ಅನುಕ್ರಮದಲ್ಲಿ ಇರುವುದನ್ನು ಪ್ರಕಟಿಸಿದರು. ಮೂರು ಪದಗಳು ಒಂದೇ ಸಾಲಿನಲ್ಲಿ, ಒಂದೇ ಕ್ರಮದಲ್ಲಿ ಎರಡು ಕಡೆ ಬಂದಾಗ ಆಕಸ್ಮಿಕವೆನ್ನುವುದು ಕಷ್ಟ.

ಇದಕ್ಕೆ ಕಾಲದ ಸಾಕ್ಷ್ಯವೂ ಸೇರಿತು. ರೈಟ್ ಅವರ ತಂಡ 2006ರಲ್ಲಿ ಮಣ್ಣಿನಿಂದ ತೆಗೆದ 480 ತಳಿಗಳನ್ನು 21 ಔಷಧಗಳೆದುರು ಪರೀಕ್ಷಿಸಿದಾಗ, ಸರಾಸರಿ ಒಂದೊಂದು ತಳಿಯೂ ಏಳೆಂಟು ಔಷಧಗಳನ್ನು ಎದುರಿಸಿತು. 2011ರಲ್ಲಿ ಅದೇ ಗುಂಪಿನವರು ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಷ್ಟು ಹಿಂದಿನ ಹೆಪ್ಪುಗಟ್ಟಿದ ನೆಲದಿಂದ ತೆಗೆದ ಡಿಎನ್‌ಎಯಲ್ಲಿ ವ್ಯಾಂಕೊಮೈಸಿನ್, ಟೆಟ್ರಾಸೈಕ್ಲಿನ್ ಮತ್ತು ಪೆನಿಸಿಲಿನ್ ವರ್ಗಗಳ ಪ್ರತಿರೋಧದ ವಂಶವಾಹಿಗಳನ್ನು ಗುರುತಿಸಿದರು. ಫ್ಲೆಮಿಂಗರನ್ನು ಈ ಚರಿತ್ರೆಯ ಆದಿಯಲ್ಲಿ ನಿಲ್ಲಿಸುವುದು ಇನ್ನು ಸಾಧ್ಯವಿಲ್ಲ.

ಹೀಗೆಂದ ಮಾತ್ರಕ್ಕೆ ಹಳೆಯ ಕಥನವನ್ನು ಪೂರ್ತಿಯಾಗಿ ತಳ್ಳಿಹಾಕುವುದು ಅವಸರದ ಕೆಲಸವಾದೀತು. ಸ್ಟ್ರೆಪ್ಟೊಮೈಸಿನ್ ಯಾವ ರೋಗದ ಔಷಧವೆಂದು ಹೆಸರಾಯಿತೋ ಆ ಕ್ಷಯದ ವಿಷಯದಲ್ಲಿಯೇ ಹೊಸ ವಾದ ನಡೆಯುವುದಿಲ್ಲ. ಕ್ಷಯಾಣುವಿನ ಪ್ರತಿರೋಧ ಮುಖ್ಯವಾಗಿ ಅದರ ಸ್ವಂತ ರೈಬೋಸೋಮಿನ ಉತ್ಪರಿವರ್ತನೆಯಿಂದ ಬಂದುದೇ ಹೊರತು ಗ್ರೀಸಿಯಸ್ಸಿನ ಬೀಗದ ಕಿಣ್ವದಿಂದ ಬಂದುದಲ್ಲ. 1948ರ ರೋಗಿಗಳ ವಿಷಯದಲ್ಲಿ ಅಂದಿನ ವೈದ್ಯರು ತಿಳಿದುಕೊಂಡದ್ದು ಸರಿಯಾಗಿಯೇ ಇತ್ತು. ಅಲ್ಲದೆ ಅಸ್ತ್ರವು ಪ್ರಾಚೀನವಾದುದರಿಂದ ಅದರ ಹರಡುವಿಕೆಗೆ ಮನುಷ್ಯರು ಹೊಣೆಯಲ್ಲವೆಂದು ಕೆಲವರು ವಾದಿಸುವುದುಂಟು. ನಮಗೆ ಇದು ಒಪ್ಪಿಗೆಯಾಗದು. ವ್ಯಾಂಕೊಮೈಸಿನ್ನಿನ ಸೋದರವಸ್ತುವಾದ ಅವೋಪಾರ್ಸಿನ್ನನ್ನು ಯೂರೋಪಿನಲ್ಲಿ ವರ್ಷಗಟ್ಟಲೆ ಕೋಳಿ ಹಂದಿಗಳ ಮೇವಿಗೆ ಬೆರೆಸಲಾಗುತ್ತಿತ್ತು. ಅದನ್ನು ತಿಂದ ಪ್ರಾಣಿಗಳಲ್ಲಿ ಪ್ರತಿರೋಧಿ ಎಂಟರೊಕಾಕಸ್ಸುಗಳು ಹೆಚ್ಚಾಗಿದ್ದುದರಿಂದಲೇ 1997ರಲ್ಲಿ ಐರೋಪ್ಯ ಒಕ್ಕೂಟವು ಅದನ್ನು ನಿಷೇಧಿಸಿತು. ಬೀಜ ಹಳೆಯದಾದರೂ ಬಿತ್ತಿ ನೀರೆರೆದುದು ಇತ್ತೀಚೆಗೆ.

ಉಳಿದುದು ದಾಟಿದ ದಾರಿ ಯಾವುದೆಂಬ ಪ್ರಶ್ನೆ. ವೆಬ್ ಮತ್ತು ಡೇವಿಸ್ 1993ರಲ್ಲಿ ಪ್ರಕಟಿಸಿದ ಒಂದು ಸಂಗತಿ ಇಲ್ಲಿ ಬಹುಜನರ ಮನಸ್ಸನ್ನು ಸೆಳೆಯಿತು. ಬಳಕೆಯಲ್ಲಿರುವ ಪ್ರತಿಜೀವಕಗಳ ಪುಡಿಗಳಲ್ಲಿಯೇ ಅವುಗಳನ್ನು ತಯಾರಿಸಿದ ಜೀವಿಯ ಡಿಎನ್‌ಎ ಚೂರುಗಳು ಬೆರೆತಿವೆಯೆಂದೂ, ಅವುಗಳಲ್ಲಿ ಪ್ರತಿರೋಧದ ವಂಶವಾಹಿಯ ಭಾಗಗಳೂ ಸೇರಿವೆಯೆಂದೂ ಅವರು ತೋರಿಸಿದರು. ಔಷಧವೂ ಅದನ್ನು ಸೋಲಿಸುವ ಬಗೆಯೂ ಒಂದೇ ಶೀಶೆಯಲ್ಲಿ ರೋಗಿಯನ್ನು ಸೇರುತ್ತಿದ್ದುವೆಂಬ ಚಿತ್ರ ಆಕರ್ಷಕವಾದುದು. ಆದರೆ ಅದನ್ನು ಮುಖ್ಯದಾರಿಯೆಂದು ಒಪ್ಪುವುದಕ್ಕೆ ಲಿಪಿಯೇ ಅಡ್ಡಿಯಾಗುತ್ತದೆ. ಸ್ಟ್ರೆಪ್ಟೊಮೈಸಿಸ್‌ನ ಡಿಎನ್‌ಎಯಲ್ಲಿ ಗ್ವಾನಿನ್ ಮತ್ತು ಸೈಟೊಸಿನ್ ಎಂಬ ಎರಡು ಅಕ್ಷರಗಳೇ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಾಗಿವೆ. ಆಸ್ಪತ್ರೆಯ ಎಂಟರೊಕಾಕಸ್ಸಿನ ಮೂರು ವಂಶವಾಹಿಗಳಲ್ಲಿ ಅವುಗಳ ಪ್ರಮಾಣ ಬಹಳ ಕಡಿಮೆ. ನಿನ್ನೆ ಮೊನ್ನೆ ಪ್ರತಿಮಾಡಿದ ಓಲೆಯಲ್ಲಿ ಅಕ್ಷರಗಳು ಇಷ್ಟು ಬದಲಾಗಿರುವುದಿಲ್ಲ. ನಡುವೆ ಬೇರೆ ಪ್ರತಿಕಾರರು ಇದ್ದಿರಬೇಕು. ಜೀರುಂಡೆಯ ಮರಿಗಳನ್ನು ಕೊಲ್ಲಲು ಹೊಲಗಳಲ್ಲಿ ಬಳಸುವ ಪೀನಿಬ್ಯಾಸಿಲಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದಲ್ಲಿ ಎಂಟರೊಕಾಕಸ್ಸಿನದಕ್ಕೆ ಬಹು ಹತ್ತಿರವಾದ ವಂಶವಾಹಿಗಳ ಗುಂಪು ಇರುವುದನ್ನು 2000ದಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿರುವುದು ಈ ಊಹೆಗೆ ಪೋಷಕವಾಗಿದೆ. ಉತ್ಪಾದಕದ ಮನೆಯಿಂದ ಆ ವಂಶವಾಹಿಗಳು ಹೊರಟುದು ಔಷಧಗಳ ಕಾರ್ಖಾನೆಗಳು ಹುಟ್ಟುವುದಕ್ಕೆ ಬಹುಕಾಲ ಹಿಂದೆ. ಆಸ್ಪತ್ರೆಯ ಬಾಗಿಲನ್ನು ತಲಪಿದುದು ಮಾತ್ರ 1980ರ ದಶಕದಲ್ಲಿ.